2010ರ ಥಂಡರ್‌ಬರ್ಡ್‌ನಿಂದ ಕಟ್ಟಿದ ಬಾಬರ್: ಕೊಳ್ಳುವ ಮೊದಲು ಯಾವ ಯಾವ ದಾಖಲೆ ನೋಡಬೇಕು?

ಕಬಿನಿ ದಂಡೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಬ್ಬರು ತಮ್ಮ ಬಾಬರ್ (ಮಡ್‌ಗಾರ್ಡ್ ಮುಂತಾದವನ್ನು ಕತ್ತರಿಸಿ ಮಾರ್ಪಡಿಸಿದ ಬೈಕ್) ಮಾರುತ್ತಿದ್ದಾರೆ. ಮೂಲ ಗಾಡಿ 2010ರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350, ನೋಂದಣಿ ಕೆಎ-09, ಅಂದರೆ ನಮ್ಮ ಮೈಸೂರು ಪಶ್ಚಿಮದ್ದೇ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಒಂಟಿ ಸೀಟು ಕೂರಿಸಿದ್ದಾರೆ. ಹಿಂದೆ ದಪ್ಪ ಟೈರು, ಮುಂದೆ ಉದ್ದನೆಯ ಫೋರ್ಕ್, ಪೂರ್ತಿ ಮ್ಯಾಟ್ ಕಪ್ಪು. ಎಂಜಿನ್ 500 ಸಿಸಿ ಎಂದು ಜಾಹೀರಾತಿನಲ್ಲಿದೆ. ವೆಲ್ಡಿಂಗ್ ನೋಡಿದರೆ ಕೈ ಪಳಗಿದವರ ಕೆಲಸ ಎಂದು ತಿಳಿಯುತ್ತದೆ. ಗಾಡಿ ನನಗೆ ತುಂಬಾ ಹಿಡಿಸಿದೆ.

ಮಾರುವವರು ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ಮಾಲೀಕರಲ್ಲ. ಆರ್‌ಸಿ ಮೈಸೂರಿನ ಇನ್ನೊಬ್ಬರ ಹೆಸರಿನಲ್ಲಿದೆ. "ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಅವರ ಸಹಿ ಹಾಕಿಸಿ ಇಟ್ಟುಕೊಂಡಿದ್ದೇನೆ, ನಿಮ್ಮ ಹೆಸರು ಬರೆದುಕೊಂಡರಾಯಿತು" ಎನ್ನುತ್ತಾರೆ. ಅರ್ಧ ಹಣ ಮುಂಗಡ ಕೇಳಿದ್ದಾರೆ. ಮಾಮೂಲಿ ಸೆಕೆಂಡ್ ಹ್ಯಾಂಡ್ ಗಾಡಿಗೆ ಏನು ನೋಡಬೇಕೆಂದು ಗೊತ್ತಿದೆ. ಹೀಗೆ ಕತ್ತರಿಸಿ ಕಟ್ಟಿದ ಗಾಡಿಗೆ ಬೇರೆ ಏನೇನು ನೋಡಬೇಕು?

ಗೇರ್ ಪೆಟ್ಟಿಗೆ
ಮುಂಗಡ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಮಾತನಾಡೋಣ.

ಹೇಮಾವತಿ ತೀರ
ಎಲ್ಲರೂ ಎಂಜಿನ್, ಸೈಲೆನ್ಸರ್ ಎಂದು ಶುರು ಮಾಡುವ ಮೊದಲು ಒಂದು ಲೆಕ್ಕ ಹಾಕಿ. ಸಾರಿಗೆಯೇತರ, ಅಂದರೆ ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷ ಆಯುಸ್ಸು. 2010ಕ್ಕೆ 15 ಕೂಡಿಸಿದರೆ 2025. ಅಂದರೆ ಈ ಗಾಡಿಯ ಆರ್‌ಸಿ ಅವಧಿ ಮುಗಿದಿದೆ. ನವೀಕರಣ ಆಗಿದೆಯೇ ಎಂದು ಕೇಳಿದ್ದೀರಾ?

ಇದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಬಾಡಿಗೆ ಗಾಡಿಯಲ್ಲದಿದ್ದರೂ ಎಲ್ಲರೂ ಈ ನವೀಕರಣವನ್ನು 'ಎಫ್‌ಸಿ' (ಫಿಟ್‌ನೆಸ್ ಸರ್ಟಿಫಿಕೇಟ್) ಎಂದೇ ಕರೆಯುತ್ತಾರೆ. ಫಾರ್ಮ್ 25 ತುಂಬಿ, ಶುಲ್ಕ ಕಟ್ಟಿ, ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ದ್ವಿಚಕ್ರಕ್ಕೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 300 ರೂಪಾಯಿಯಿಂದ 1,000ಕ್ಕೆ ಏರಿತು. ಅದು ಹೋಗಲಿ, ಹಣದ ಮಾತಲ್ಲ. ನಿರೀಕ್ಷಕರು ಆರ್‌ಸಿ ಕೈಯಲ್ಲಿ ಹಿಡಿದು ಗಾಡಿ ನೋಡುತ್ತಾರೆ. ಅದರಲ್ಲಿ ಸಿಸಿ, ಆಸನ ಸಂಖ್ಯೆ, ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ದೂರ), ಬಣ್ಣ, ಖಾಲಿ ತೂಕ ಎಲ್ಲವೂ ಇರುತ್ತವೆ. ನಿಮ್ಮ ಬಾಬರ್‌ನಲ್ಲಿ ಇವುಗಳಲ್ಲಿ ಯಾವುದು ತಾಳೆಯಾಗುತ್ತದೆ? ಆಸನ ಎರಡು ಎಂದಿರುತ್ತದೆ, ಗಾಡಿಯಲ್ಲಿ ಒಂದೇ ಇದೆ.

ಈಗ ಮಾರಾಟಕ್ಕೆ ಬರುತ್ತಿರುವ ಕಟ್ಟಿದ ಗಾಡಿಗಳಲ್ಲಿ ಬಹಳಷ್ಟು 2008ರಿಂದ 2011ರ ಬುಲೆಟ್‌ಗಳು. ಎಫ್‌ಸಿ ಮಾಡಿಸಲಾಗದೆ ಕೈ ತೊಳೆದುಕೊಳ್ಳುವವರೇ ಹೆಚ್ಚು ಎಂಬುದು ನನ್ನ ಬಲವಾದ ಅನುಮಾನ.

ಘಾಟಿ ತಿರುವು
ಇಷ್ಟೊಂದು ಹೆದರಿಸುವ ಅಗತ್ಯವಿದೆಯೇ? ನಾನು ನನ್ನ ಗಾಡಿಯನ್ನು ಸ್ಕ್ರ್ಯಾಂಬ್ಲರ್ (ಒರಟು ದಾರಿಗೂ ಹೊಂದುವ ಬೈಕ್) ಮಾಡಿಸಿಕೊಂಡು ಚಾರ್ಮಾಡಿ, ಆಗುಂಬೆ, ಮಡಿಕೇರಿ ಎಲ್ಲ ಸುತ್ತುತ್ತಿದ್ದೇನೆ. ಪೊಲೀಸರು ಹೆಲ್ಮೆಟ್, ಇನ್ಶೂರೆನ್ಸ್, ಎಮಿಷನ್ ನೋಡುತ್ತಾರೆ, ಸೈಲೆನ್ಸರ್ ಸದ್ದು ಕೇಳುತ್ತಾರೆ. ಟೇಪ್ ಹಿಡಿದು ವೀಲ್‌ಬೇಸ್ ಅಳೆದವರನ್ನು ನಾನು ಕಂಡಿಲ್ಲ. ಎಫ್‌ಸಿಗೆ ಹಳೆಯ ಬಿಡಿಭಾಗ ಕೂರಿಸಿಕೊಂಡು ಹೋಗುವುದು, ಆಮೇಲೆ ಮತ್ತೆ ಬದಲಿಸುವುದು. ಎಲ್ಲರೂ ಮಾಡುವುದೇ ಹೀಗೆ.

ಕೋರ್ಟ್ ಹಾಲ್ 3
ಎಲ್ಲರೂ ಮಾಡುತ್ತಾರೆ ಎಂಬುದು ನ್ಯಾಯಾಲಯದಲ್ಲಿ ನಡೆಯುವ ವಾದವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ: ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿಯ ವಿವರ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಹೊಸ ರೂಪ ಪಡೆಯಿತು. ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಒಂದೊಂದಕ್ಕೂ ಎಂಬ ಮಾತನ್ನು ಗಮನಿಸಿ. ಫೋರ್ಕ್ ಒಂದು, ಎಂಜಿನ್ ಒಂದು, ಸೈಲೆನ್ಸರ್ ಒಂದು ಎಂದು ಎಣಿಸುತ್ತಾ ಹೋಗಿ.

ಘಾಟಿ ತಿರುವು
ಆ ಮಾರ್ಪಾಡು ಮಾಡಿದ್ದು ಹಿಂದಿನ ಮಾಲೀಕ. ಕೊಂಡವನಿಗೆ ಏಕೆ ದಂಡ?

ಕೋರ್ಟ್ ಹಾಲ್ 3
ಬದಲಿಸಿದವನಿಗೆ ಶಿಕ್ಷೆ ಎಂದು ಆ ಕಲಂ ಹೇಳುತ್ತದೆ, ನಿಮ್ಮ ವಾದಕ್ಕೆ ಅಷ್ಟು ಜಾಗವಿದೆ. ಆದರೆ ಯಾವಾಗ, ಯಾರು ಬದಲಿಸಿದರು ಎಂದು ತೋರಿಸುವ ಕಾಗದ ನಿಮ್ಮ ಬಳಿ ಇರುತ್ತದೆಯೇ? ರಸ್ತೆಯಲ್ಲಿ ಗಾಡಿ ಹಿಡಿದಾಗ ಹ್ಯಾಂಡಲ್ ಹಿಡಿದಿರುವವರು ನೀವು. ಅದಕ್ಕೇ ನಾನು ಕಟ್ಟಿದವರ ಬಿಲ್ಲನ್ನು ಕೇಳಿ ಎನ್ನುವುದು. ಗ್ಯಾರೇಜಿನ ಹೆಸರು, ದಿನಾಂಕ, ಏನೇನು ಬದಲಾಯಿತು ಎಂಬ ಪಟ್ಟಿ ಇರುವ ಬಿಲ್ಲು.

ಇನ್ನು ಸಹಿ ಹಾಕಿಸಿಟ್ಟ ಖಾಲಿ ಫಾರ್ಮ್ ವಿಷಯ. ಕಾಯ್ದೆಯ ಕಣ್ಣಿಗೆ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರು. ಗಾಡಿ ಎರಡು ಮೂರು ಕೈ ಬದಲಾಗಿದ್ದರೂ ಅಪಘಾತವಾದಾಗ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮೈಸೂರಿನ ಆ ವ್ಯಕ್ತಿಗೆ ತನ್ನ ತಲೆಯ ಮೇಲೆ ಏನು ತೂಗುತ್ತಿದೆ ಎಂದು ತಿಳಿದಿದೆಯೇ ಎಂಬುದೇ ನನ್ನ ಪ್ರಶ್ನೆ.

ಕಬಿನಿ ದಂಡೆ
ಎಫ್‌ಸಿ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಈಗಷ್ಟೇ ಗಾಡಿ ಸಂಖ್ಯೆ ಹಾಕಿ ನೋಡಿದೆ. ನೋಂದಣಿ ಅವಧಿ ಮುಗಿದಿದೆ, ವಿಮೆಯೂ ಮುಗಿದಿದೆ. ಹೈಪೋಥಿಕೇಶನ್ (ಸಾಲಕ್ಕೆ ಗಾಡಿಯ ಒತ್ತೆ) ಎಂದು ಒಂದು ಬ್ಯಾಂಕಿನ ಹೆಸರೂ ಬರುತ್ತಿದೆ! ಸಾಲ ಎಂದೋ ತೀರಿದೆ ಎಂದು ಮಾರುವವರು ಹೇಳಿದ್ದರು.

ಕ್ರ್ಯಾಂಕ್‌ಕೇಸ್ ಹುಬ್ಬಳ್ಳಿ
ಆ್ಯಪ್ ಒಳ್ಳೆಯದೇ, ಆದರೆ ಅದು ಕಾಗದದ ಕಥೆಯನ್ನಷ್ಟೇ ಹೇಳುತ್ತದೆ. ಲೋಹದ ಕಥೆಯನ್ನು ನೀವೇ ಓದಬೇಕು. ನಾನು ಗ್ಯಾರೇಜ್ ನಡೆಸುವವನು, ಹೇಳುತ್ತೇನೆ ಕೇಳಿ.

ಚಾಸಿ ನಂಬರ್ ಸ್ಟಿಯರಿಂಗ್ ಹೆಡ್ ಪೈಪಿನ (ಫ್ರೇಮಿನಲ್ಲಿ ಹ್ಯಾಂಡಲ್ ಕೂರುವ ಭಾಗ) ಮೇಲೆ ಇರುತ್ತದೆ. ಬಾಬರ್ ಮಾಡುವವರು ಫ್ರೇಮಿನ ಹಿಂಭಾಗ ಕತ್ತರಿಸಿದರೂ ಆ ಭಾಗ ಉಳಿಯುತ್ತದೆ, ಉಳಿಯಲೇಬೇಕು. ದಪ್ಪಗೆ ಬಣ್ಣ ಬಳಿದು ಮುಚ್ಚಿದ್ದರೆ ಮಾರುವವರ ಎದುರಿಗೇ ಥಿನ್ನರ್ ಹಾಕಿ ಒರೆಸಿ. ಅಂಕಿಗಳ ಸುತ್ತ ಗ್ರೈಂಡರ್ ಉಜ್ಜಿದ ತಗ್ಗು ಇದೆಯೇ, ಎಲ್ಲ ಅಂಕಿಗಳ ಆಳ ಒಂದೇ ಆಗಿದೆಯೇ, ಸಾಲು ನೇರವಾಗಿದೆಯೇ ನೋಡಿ. ಈ ಕಾಲದ ಗಾಡಿಯಲ್ಲಿ 17 ಅಕ್ಷರ, ಅಂಕಿ ಇರಬೇಕು. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಕಳ್ಳ ಪಂಚ್ ಹೊಡೆಯುವವರು ಸೊನ್ನೆಯ ಬದಲು ಒ ಹೊಡೆದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೋಕ್ಕಿಂತ ಅದು ನಿಖರ.

ತುಕ್ಕು ಹಿಡಿದು ನಂಬರ್ ಅಳಿಸಿದ್ದರೆ ಆರ್‌ಟಿಒ ಆದೇಶದ ಮೇಲೆ ಮರುಪಂಚ್ ಮಾಡಿಸುವ ಕ್ರಮವಿದೆ, ಆಗ ಅದಕ್ಕೆ ದಾಖಲೆಯೂ ಇರುತ್ತದೆ. ದಾಖಲೆಯಿಲ್ಲದ ಮರುಪಂಚ್ ಕಂಡರೆ ಹೆಲ್ಮೆಟ್ ಹಾಕಿಕೊಂಡು ಊರಿಗೆ ಹೊರಡಿ.

ಗೇರ್ ಪೆಟ್ಟಿಗೆ
ಎಂಜಿನ್ ನಂಬರ್? ಅದೇ ಮುಖ್ಯ ಇಲ್ಲಿ. ಥಂಡರ್‌ಬರ್ಡ್ ಎಂದರೆ ಆರ್‌ಸಿಯಲ್ಲಿ 346 ಸಿಸಿ ಇರುತ್ತದೆ. 499 ಸಿಸಿ ಎಂಜಿನ್ ಎಲ್ಲಿಂದ ಬಂತು?

ಕ್ರ್ಯಾಂಕ್‌ಕೇಸ್ ಹುಬ್ಬಳ್ಳಿ
ಅದಕ್ಕೇ ಬರುತ್ತಿದ್ದೆ. ಎಂಜಿನ್ ಮೂರು ದಾರಿಯಲ್ಲಿ ಬಂದಿರಬಹುದು. ಅಪಘಾತದಲ್ಲಿ ಪೂರ್ತಿ ಹಾಳಾದ ಗಾಡಿಯಿಂದ, ಗುಜರಿಯಿಂದ, ಇಲ್ಲವೇ ಕದ್ದ ಗಾಡಿಯಿಂದ. ಮೊದಲ ಎರಡಕ್ಕೆ ಕಾಗದ ಇರಲು ಸಾಧ್ಯ. ಮೂರನೆಯದಕ್ಕೆ ಇರುವುದಿಲ್ಲ. ಎಂಜಿನ್ ಯಾವ ಗಾಡಿಯದ್ದು, ಆ ಗಾಡಿಯ ನೋಂದಣಿ ರದ್ದಾಗಿದೆಯೇ, ಮಾರಿದವರ ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆದಿದೆಯೇ, ಇಷ್ಟನ್ನು ಕೇಳಿ. "ಬಿಲ್ ಎಲ್ಲೋ ಇದೆ ಸಾರ್" ಎಂದರೆ ಇಲ್ಲ ಎಂದೇ ತಿಳಿಯಿರಿ.

ಕದ್ದದ್ದೋ ಅಲ್ಲವೋ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ ಸಮನ್ವಯ' ಎಂಬ ವ್ಯವಸ್ಥೆಯಿದೆ. ಚಾಸಿ ಮತ್ತು ಎಂಜಿನ್ ನಂಬರ್ ಎರಡನ್ನೂ ಹಾಕಿ ಹುಡುಕಿ.

ಕೋರ್ಟ್ ಹಾಲ್ 3
ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ತೆಗೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ, ಹಿಂದಿನ ಐಪಿಸಿ 411. ಬಿಲ್ಲಿಲ್ಲದ ಎಂಜಿನ್ ಎಂದು ಗೊತ್ತಿದ್ದೂ ಕೊಂಡರೆ 'ನಂಬಲು ಕಾರಣವಿತ್ತು' ಎಂಬ ಪ್ರಶ್ನೆ ಏಳುತ್ತದೆ.

ಯಾದವಗಿರಿ
ವಿಷಯ ಸ್ವಲ್ಪ ಪಕ್ಕಕ್ಕೆ. ಈ ತಲೆಬಿಸಿಯೆಲ್ಲ ಬುಲೆಟ್‌ನವರಿಗೆ ಹೊಸದು, ನಮ್ಮ ಯೆಜ್ಡಿ ಬಳಗಕ್ಕೆ ನಿತ್ಯದ್ದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕೊನೆಯ ಯೆಜ್ಡಿ ರೋಡ್‌ಕಿಂಗ್ ಕೂಡ 2011ರಲ್ಲೇ ಮೊದಲ ಎಫ್‌ಸಿಗೆ ಹೋಗಿದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಹೋಗಲೇಬೇಕು. ಎಂಜಿನ್ ಕೇಸು (ನಂಬರ್ ಇರುವ ಹೊರಕವಚ) ಒಡೆದು ಬೇರೆ ಯೆಜ್ಡಿಯ ಕೇಸು ಹಾಕಿಸಿದವರು ಮೈಸೂರಿನಲ್ಲಿ ಬೀದಿಗೊಬ್ಬರಿದ್ದಾರೆ. ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಆಗಿದ್ದು, ಬಿಲ್ಲು ಇದ್ದು, ಆರ್‌ಟಿಒಗೆ ಅರ್ಜಿ ಕೊಟ್ಟು ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಂಡವರು ನೆಮ್ಮದಿಯಾಗಿದ್ದಾರೆ. 350ರ ಜಾಗದಲ್ಲಿ 500 ಕೂರಿಸಿದರೆ ಅದು ಅದೇ ಮಾದರಿ ಆಗುವುದಿಲ್ಲ, ಸ್ವಾಮಿ.

ಇನ್ನೊಂದು ಮಾತು. ಹಳೆಯ ಜಾವಾಗಳನ್ನು ಕತ್ತರಿಸಿ ಚಾಪರ್ ಮಾಡುವವರಿಗೆ ಕೈ ಮುಗಿದು ಕೇಳುತ್ತೇನೆ, ಬೇಡ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ಸಂಖ್ಯೆಯಲ್ಲಿ 'ವಿಎ' ಅಕ್ಷರಗಳು. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಫ್ರೇಮ್ ಕತ್ತರಿಸಿದ ದಿನವೇ ಆ ಬಾಗಿಲು ಮುಚ್ಚಿತು.

ಘಾಟಿ ತಿರುವು
ಹಾಗಾದರೆ ಈ ದೇಶದಲ್ಲಿ ಯಾರೂ ಕೈಯಾರೆ ಗಾಡಿ ಕಟ್ಟಲೇಬಾರದೇ? ಕಂಪನಿ ಕೊಟ್ಟದ್ದನ್ನೇ ಓಡಿಸುತ್ತಾ ಕೂರಬೇಕೇ? ಎಷ್ಟು ಪ್ರತಿಭೆಯಿದೆ ನಮ್ಮ ಗ್ಯಾರೇಜುಗಳಲ್ಲಿ. ಅದನ್ನು ಕಳ್ಳತನದ ಸಾಲಿನಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ
ಘಾಟಿ ತಿರುವು ಅವರ ಸಂಕಟ ನನಗೆ ಅರ್ಥವಾಗುತ್ತದೆ. ಇಲ್ಲಿ ಬ್ರಿಟನ್‌ನಲ್ಲಿ ಒಬ್ಬನೇ ಶೆಡ್ಡಿನಲ್ಲಿ ಕಟ್ಟಿದ ಬೈಕನ್ನು ಕೂಡ ಎಂಎಸ್‌ವಿಎ ಎಂಬ ಪರೀಕ್ಷೆಗೆ ಒಡ್ಡಿ ರಸ್ತೆಗೆ ಇಳಿಸಬಹುದು. ಬ್ರೇಕು, ದೀಪ, ಸದ್ದು ಎಲ್ಲ ನೋಡುತ್ತಾರೆ. ಒಂದು ಬಿಡಿ ಗಾಡಿಗೆ ಹಾಗೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ಸುಲಭದ ದಾರಿ ನಮ್ಮೂರಿನಲ್ಲೂ ಬರಬೇಕು. ಹಾಗೆಂದು ಇಲ್ಲಿ ಕೊಳ್ಳುವುದು ಸಲೀಸು ಎಂದುಕೊಳ್ಳಬೇಡಿ. ವಿ5ಸಿ ಎಂಬ ನೋಂದಣಿ ಪುಸ್ತಕ ಮಾಲೀಕತ್ವದ ಪುರಾವೆಯೇ ಅಲ್ಲ. ಅದರಲ್ಲಿರುವುದು ಗಾಡಿಯನ್ನು ಇಟ್ಟುಕೊಂಡಿರುವವರ ಹೆಸರು ಮಾತ್ರ. ಹಾಗಾಗಿ ಬಿಲ್ಲು, ಸಾಲದ ಬಾಕಿಯ ತಪಾಸಣೆ ಎಲ್ಲವನ್ನೂ ಬೇರೆಯಾಗಿ ಮಾಡಬೇಕು.

ಕ್ರ್ಯಾಂಕ್‌ಕೇಸ್ ಹುಬ್ಬಳ್ಳಿ
ನಾನೂ ಗಾಡಿ ಕಟ್ಟುವವನೇ. ಕಟ್ಟುವುದನ್ನು ಕಳ್ಳತನ ಎಂದು ಇಲ್ಲಿ ಯಾರೂ ಹೇಳಲಿಲ್ಲ. ನಾನು ಕಟ್ಟಿದ ಪ್ರತಿ ಗಾಡಿಯೊಂದಿಗೆ ಬದಲಿಸಿದ ಮೂಲ ಭಾಗಗಳನ್ನು ಚೀಲದಲ್ಲಿ ಕಟ್ಟಿ ಗ್ರಾಹಕರಿಗೆ ಕೊಡುತ್ತೇನೆ, ಬಿಲ್ಲನ್ನೂ ಕೊಡುತ್ತೇನೆ, ಫ್ರೇಮ್ ಮುಟ್ಟುವುದಿಲ್ಲ. ಬೋಲ್ಟ್ ಬಿಚ್ಚಿ ಹಳೆಯ ಸ್ಥಿತಿಗೆ ತರಬಹುದಾದ ಕೆಲಸ ಬೇರೆ, ಫ್ರೇಮ್ ಕತ್ತರಿಸಿದ ಕೆಲಸ ಬೇರೆ. ಮೂಲ ಪೋಸ್ಟ್ ಹಾಕಿದವರು ಮೊದಲು ಇದನ್ನು ನೋಡಲಿ.

ಸರ್ವೇಯರ್ ಅಕ್ಕ
ವಿಮೆಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ! ನಾನು ವಾಹನ ವಿಮೆಯ ನಷ್ಟ ಅಂದಾಜು ಮಾಡುವ ಕೆಲಸದಲ್ಲಿದ್ದೇನೆ. ದ್ವಿಚಕ್ರದ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಯ) ಪ್ರೀಮಿಯಂ ಸಿಸಿ ಮೇಲೆ ನಿಂತಿದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. ಈ ಗಾಡಿ ಕಾಗದದಲ್ಲಿ ಮೊದಲ ವರ್ಗದಲ್ಲಿದೆ, ರಸ್ತೆಯಲ್ಲಿ ಎರಡನೆಯದರಲ್ಲಿ. ಅಪಘಾತವಾದರೆ ಮೊದಲು ನೋಡುವುದೇ ಚಾಸಿ, ಎಂಜಿನ್ ಸಂಖ್ಯೆ. ಎಂಜಿನ್ ಸಂಖ್ಯೆ ಪಾಲಿಸಿಯೊಂದಿಗೆ ತಾಳೆಯಾಗದಿದ್ದರೆ ಸ್ವಂತ ಗಾಡಿಯ ರಿಪೇರಿ ಹಣ ಸಿಗುವುದನ್ನು ಮರೆಯಿರಿ. ಗಾಯಗೊಂಡವರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಕಂಪನಿ ಹೊರಟರೆ, ಅದು ಗಾಡಿಯ ಬೆಲೆಯ ಮಟ್ಟದಲ್ಲಿ ನಿಲ್ಲುವ ಮೊತ್ತವಲ್ಲ, ಮನೆ ಜಮೀನಿನವರೆಗೆ ಹೋಗುವಂಥದ್ದು.

ಈ ಗಾಡಿಗೆ ಸದ್ಯ ವಿಮೆಯೇ ಇಲ್ಲ ಎಂದಿರಿ. ಪರೀಕ್ಷೆಗೆಂದು ಒಂದು ಸುತ್ತು ಕೂಡ ಓಡಿಸಬೇಡಿ, ದಯವಿಟ್ಟು.

ಅಡಿಕೆ ತೋಟ
ಸೈಲೆನ್ಸರ್ ಬಗ್ಗೆಯೂ ಹೇಳಿ. ನಮ್ಮ ಬೀದಿಯಲ್ಲಿ ರಾತ್ರಿ ಒಬ್ಬ ಹೋದರೆ ತೊಟ್ಟಿಲ ಮಗು ಎದ್ದು ಅಳುತ್ತದೆ. ಪೊಲೀಸರು ಆ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದು ಸರಿಯಾಗಿಯೇ ಇದೆ.

ಘಾಟಿ ತಿರುವು
ಸದ್ದಿನ ವಿಷಯದಲ್ಲಿ ನಾನೂ ನಿಮ್ಮ ಪರ. ನನ್ನ ಗಾಡಿಯಲ್ಲಿ ಕಂಪನಿಯ ಸೈಲೆನ್ಸರೇ ಇದೆ.

ಹೇಮಾವತಿ ತೀರ
ಹೈಪೋಥಿಕೇಶನ್ ಬಗ್ಗೆ. ಯಾವ ಬ್ಯಾಂಕು ಎಂದು ನೋಡಿ. 2010ರ ಸಾಲವಾದ್ದರಿಂದ ಆ ಬ್ಯಾಂಕೇ ಈಗ ಇಲ್ಲದಿರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಯೊಳಗೆ ಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ಸಾಲ ತೀರಿದ್ದರೂ ಫಾರ್ಮ್ 35ರಲ್ಲಿ ಬ್ಯಾಂಕಿನ ಸಹಿ, ಮೊಹರು ಬಿದ್ದು ಆರ್‌ಟಿಒದಲ್ಲಿ ರದ್ದಾಗುವವರೆಗೆ ಆ ಹೆಸರು ಅಲ್ಲೇ ಕೂತಿರುತ್ತದೆ. ಅರ್ಜಿಗೆ ಈಗ ಅದನ್ನು ಸೇರಿಸಿಕೊಂಡ ಬ್ಯಾಂಕಿನ ಶಾಖೆಗೆ ಹೋಗಬೇಕು, ಅದೂ ಸಾಲ ಮಾಡಿದವರೇ ಹೋಗಬೇಕು. ನೀವು ಹೋದರೆ ಅವರು ಮಾತನಾಡಿಸುವುದೂ ಇಲ್ಲ.

ಎಲ್ಲ ಸೇರಿ ಕೇಳುವುದು ಒಂದೇ ಹೆಸರನ್ನು, ಮೈಸೂರಿನ ಆ ಮೂಲ ಮಾಲೀಕರನ್ನು. ಪರಿವಾಹನ ಜಾಲತಾಣದಲ್ಲಿ ವರ್ಗಾವಣೆ ಅರ್ಜಿ ಹಾಕಿದರೂ ಒಟಿಪಿ ಬರುವುದು ನೋಂದಾಯಿತ ಮೊಬೈಲ್‌ಗೆ. ಅವರು ಸಿಗದಿದ್ದರೆ ಸಹಿ ಇರುವ ಫಾರ್ಮ್ ಬರಿಯ ಕಾಗದ.

ಹಾಗೆಯೇ ಆರ್‌ಟಿಒದಲ್ಲಿ ಬಿ-ಎಕ್ಸ್‌ಟ್ರಾಕ್ಟ್ (ಕಚೇರಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ. ಆರ್‌ಸಿಯ ಸ್ಮಾರ್ಟ್ ಕಾರ್ಡ್ ನೋಡಿ ತೃಪ್ತರಾಗಬೇಡಿ. ಕಚೇರಿಯ ದಾಖಲೆಯಲ್ಲಿ ಏನಿದೆಯೋ ಅದೇ ಸತ್ಯ.

ಗೇರ್ ಪೆಟ್ಟಿಗೆ
ಬಾಕಿ ಇರುವ ಟ್ರಾಫಿಕ್ ದಂಡ ಕೂಡ ನೋಡಿ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದ್ದು ನೆನಪಿದೆಯಲ್ಲ? ಗಾಡಿ ಸಂಖ್ಯೆ ಹಾಕಿದರೆ ಬಾಕಿಯ ಪಟ್ಟಿ ಬರುತ್ತದೆ. ಹಳೆಯದೆಲ್ಲ ಅವರೇ ತೀರಿಸಲಿ.

ಕಬಿನಿ ದಂಡೆ
ಮಾಹಿತಿ ಕೊಟ್ಟ ಎಲ್ಲರಿಗೂ ಧನ್ಯವಾದ. ನಿನ್ನೆ ಗಾಡಿಯ ಬಳಿಗೆ ಮತ್ತೆ ಹೋಗಿದ್ದೆ. ಚಾಸಿ ನಂಬರ್ ಅಚ್ಚುಕಟ್ಟಾಗಿದೆ, ಆರ್‌ಸಿಯೊಂದಿಗೆ ತಾಳೆಯಾಗುತ್ತದೆ, 17 ಅಕ್ಷರವೂ ಸರಿಯಿವೆ. ಎಂಜಿನ್ ನಂಬರ್ ತಾಳೆಯಾಗುವುದಿಲ್ಲ. ಬಿಲ್ಲು ಕೇಳಿದೆ. ಕಟ್ಟಿದ ಗ್ಯಾರೇಜು ಮುಚ್ಚಿದೆ ಎಂದರು. ಎಂಜಿನ್ ಯಾವ ಗಾಡಿಯದ್ದು ಎಂಬುದಕ್ಕೆ ಉತ್ತರವಿಲ್ಲ. ಮೂಲ 350 ಎಂಜಿನ್ ಎಲ್ಲಿದೆ ಎಂದರೆ ಅದೂ ಮಾರಾಟವಾಗಿದೆಯಂತೆ. ಫ್ರೇಮಿನ ಹಿಂಭಾಗ ಕತ್ತರಿಸಿಯೇ ಮಾಡಿದ್ದಾರೆ. ಮೈಸೂರಿನ ಮಾಲೀಕರ ಫೋನ್ ಸಂಖ್ಯೆ ಕೊಡಲು ಹಿಂದೆಮುಂದೆ ನೋಡಿದರು. ಬಿಟ್ಟುಬಿಟ್ಟೆ. ಮನಸ್ಸಿಗೆ ನೋವಾಗಿದೆ, ಅಷ್ಟು ಚೆಂದದ ಗಾಡಿ.

ಯಾದವಗಿರಿ
ಒಳ್ಳೆಯ ನಿರ್ಧಾರ. ಮೂಲ ಎಂಜಿನ್ನೂ ಮಾರಾಟವಾಗಿದೆ ಎಂದರೆ ಇನ್ನು ಆ ಗಾಡಿಯನ್ನು ಎಫ್‌ಸಿಗೆ ನಿಲ್ಲಿಸುವ ದಾರಿಯೇ ಇಲ್ಲ.

ಘಾಟಿ ತಿರುವು
ಎಂಜಿನ್‌ಗೆ ಬಿಲ್ಲಿಲ್ಲ, ಮಾಲೀಕರ ಸಂಖ್ಯೆ ಕೊಡುವುದಿಲ್ಲ ಎಂದ ಮೇಲೆ ನಾನೂ ಕೊಳ್ಳುತ್ತಿರಲಿಲ್ಲ. ಕಬಿನಿ ದಂಡೆ ಅವರೇ, ಬೋಲ್ಟ್ ಮೇಲೆ ಕಟ್ಟಿದ, ಫ್ರೇಮ್ ಮುಟ್ಟದ ಗಾಡಿ ಹುಡುಕಿ. ಸಿಗುತ್ತವೆ.

ಕಬಿನಿ ದಂಡೆ
ಹಾಗೊಂದು ಕಣ್ಣಿಗೆ ಬಿದ್ದಿದೆ, ಹಾಸನದಲ್ಲಿ. 2016ರ ಕ್ಲಾಸಿಕ್ 350, ಮಾಲೀಕರೇ ಮಾರುತ್ತಿದ್ದಾರೆ, ಸೀಟು, ಹ್ಯಾಂಡಲ್, ಮಡ್‌ಗಾರ್ಡ್ ಮಾತ್ರ ಬದಲಾಗಿವೆ, ಮೂಲ ಭಾಗಗಳೂ ಜೊತೆಗೆ ಬರುತ್ತವೆ. ಬಣ್ಣ ಬದಲಿಸಿದ್ದಾರೆ, ಆರ್‌ಸಿಯಲ್ಲಿ ನಮೂದಿಸಿಲ್ಲ. ಇದು ದೊಡ್ಡ ತೊಡಕೇ?

ಕೋರ್ಟ್ ಹಾಲ್ 3
ಬಣ್ಣವನ್ನು ಆರ್‌ಟಿಒ ಒಪ್ಪಿಗೆಯೊಂದಿಗೆ ಆರ್‌ಸಿಯಲ್ಲಿ ಬದಲಿಸಿಕೊಳ್ಳಬಹುದು. ಅದನ್ನು ಈಗಿನ ಮಾಲೀಕರೇ ಮಾಡಿಸಿ ಆಮೇಲೆ ವರ್ಗಾಯಿಸಲಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಕೈಗೆ ಬರುವಾಗ ದಿನಾಂಕದ ಜೊತೆ ಗಂಟೆ ನಿಮಿಷ ಬರೆದು ಇಬ್ಬರೂ ಸಹಿ ಮಾಡಿದ ಡೆಲಿವರಿ ಪತ್ರ ಇಟ್ಟುಕೊಳ್ಳಿ, ಆ ಹೊತ್ತಿಗೆ ಮುಂಚಿನ ಯಾವ ದಂಡವೂ ನಿಮ್ಮದಲ್ಲ.

ಸರ್ವೇಯರ್ ಅಕ್ಕ
ವಿಮೆಯೂ ಅಷ್ಟೇ. ಥರ್ಡ್ ಪಾರ್ಟಿ ಭಾಗ ಗಾಡಿಯೊಂದಿಗೆ ತಾನಾಗಿ ನಿಮ್ಮ ಹೆಸರಿಗೆ ಬಂದಂತೆಯೇ ಲೆಕ್ಕ, ಆದರೆ ಸ್ವಂತ ಹಾನಿಯ ಭಾಗ ಹಾಗೆ ಬರುವುದಿಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರದು, ಗಾಡಿಯದಲ್ಲ, ಹಾಗಾಗಿ ಅಷ್ಟು ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಬದಲಾದ ಭಾಗಗಳನ್ನು ಅದೇ ಅರ್ಜಿಯಲ್ಲಿ ಬರೆದು ತಿಳಿಸಿ, ಕಂಪನಿಯಿಂದ ಬಂದ ಉತ್ತರವನ್ನು ಆರ್‌ಸಿಯ ಜೊತೆಗೇ ಇಟ್ಟುಕೊಳ್ಳಿ.

ಕಬಿನಿ ದಂಡೆ
ಭಾನುವಾರ ಹಾಸನಕ್ಕೆ ಹೊರಡುತ್ತೇನೆ. ಪೆನ್ಸಿಲ್, ಕಾಗದ, ಥಿನ್ನರ್ ಚೀಲದಲ್ಲಿವೆ.

ಕ್ರ್ಯಾಂಕ್‌ಕೇಸ್ ಹುಬ್ಬಳ್ಳಿ
ಟಾರ್ಚ್ ಕೂಡ ಇಟ್ಟುಕೊಳ್ಳಿ. ಎಂಜಿನ್ ನಂಬರ್ ಮೇಲೆ ಎಣ್ಣೆ ಜಿಡ್ಡು ಕೂತಿರುತ್ತದೆ.